ಪಂಚಮಿ ಹಗ್ಗ

ಮಕ್ತಲ್
೧೨ ಮೇ ೨೦೨೫

ಗದ್ವಾಲದ ಶಿವಗಂಗಮ್ಮನವರಿಗೆ,

ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವುದು ರೂಢಿ. ಇಲ್ಲಿ ಎಲ್ಲರೂ ಕ್ಷೇಮವಿಲ್ಲ, ನಿಮ್ಮ ಕ್ಷೇಮ ತಿಳಿದುಕೊಳ್ಳುವ ಆಸೆಯೂ ನನಗಿಲ್ಲ. ಆದ್ದರಿಂದ ವಿಷಯಕ್ಕೆ ಬರುತ್ತೇನೆ.

ಶ್ರಾವಣದಲ್ಲಿ ನಾಗರ ಪಂಚಮಿ ಬರುತ್ತದೆ. ಅಷ್ಟರಲ್ಲಿ ನಮ್ಮ ಯಜಮಾನರು ನಾಗಪ್ಪನವರು ಹೋಗಿ ವರ್ಷ ತುಂಬಿರುತ್ತದೆ, ಮನೆಯಲ್ಲಿ ಹಬ್ಬ ಮಾಡಲು ಅಡ್ಡಿಯಿಲ್ಲ. ನನ್ನ ಮಗಳು ಕಾವ್ಯ ನಿಮ್ಮ ಮಗ ಶಿವಕಾಂತನನ್ನು ಮದುವೆಯಾದ ಮೇಲೆ ಇದು ಎರಡನೇ ಪಂಚಮಿ. ಮೊದಲನೆಯದು ಹೇಗೆ ಹೋಯಿತು ಎಂದು ನಿಮಗೆ ಹೇಳಬೇಕಿಲ್ಲ. ಈ ಸಲ ಅವಳು ತವರಿಗೆ ಬರಬೇಕು, ನಾಲ್ಕು ದಿನ ಇರಬೇಕು, ನಮ್ಮ ಹಿತ್ತಲ ಬೇವಿನ ಗಿಡದ ಜೋಕಾಲಿಯಲ್ಲಿ ಜೀಕಬೇಕು. ಅವಳು ಹುಟ್ಟಿದಾಗಿನಿಂದ ಆ ಗಿಡಕ್ಕೆ ಜೋಕಾಲಿ ಕಟ್ಟದೆ ಹೋದ ಪಂಚಮಿ ಎಂದರೆ ಹೋದ ವರ್ಷದ್ದೊಂದೇ. ಅದಕ್ಕೆ ಕಾರಣ ಯಾರು ಎಂದು ನಿಮ್ಮ ಮನಸ್ಸಿಗೆ ಗೊತ್ತಿದೆ.

ಅವಳು ಈ ವರ್ಷವಿಡೀ ನಮ್ಮ ಮನೆಯಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಅಪ್ಪನ ಮಣ್ಣಿಗೆ ಬಂದವಳು ಸಂಜೆಯ ಬಸ್ಸಿಗೆ ಹೊರಟುಹೋದಳು. ಫೋನ್ ಮಾಡಿದರೆ ಊಟ ಆಯಿತಾ ಎನ್ನುತ್ತಾಳೆ, ಆಯಿತು ಎನ್ನುತ್ತೇನೆ, ಅಷ್ಟಕ್ಕೇ ಫೋನ್ ಇಡುತ್ತಾಳೆ. ಹಬ್ಬದ ಹಿಂದಿನ ದಿನ ನನ್ನ ಮಗ ವಿನಯ ಕರೆಯಲು ಬರುತ್ತಾನೆ. ಅವಳ ಚೀಲ ಸಿದ್ಧವಿರಲಿ. ನಾನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ನಿಮ್ಮ ನಂಬರನ್ನು ನಾನು ಫೋನಿನಲ್ಲಿ ಬ್ಲಾಕ್ ಮಾಡಿಸಿದ್ದೇನೆ, ತೆಗೆಸುವುದಿಲ್ಲ. ನಿಮ್ಮ ದನಿ ಇನ್ನೊಮ್ಮೆ ಈ ಮನೆಯಲ್ಲಿ ಕೇಳಬಾರದು. ನಿಮ್ಮ ಅಂಗಡಿಯ ಸೀರೆ ಗಂಟು ಹೊತ್ತು ನಾರಾಯಣಪೇಟೆಗೆ ಹೋಗುವ ಭೀಮಯ್ಯ ವಾರಕ್ಕೊಮ್ಮೆ ನಮ್ಮ ಬಾಗಿಲ ಮುಂದೆಯೇ ಹಾಯುತ್ತಾನೆ. ಉತ್ತರವಿದ್ದರೆ ಅವನ ಕೈಯಲ್ಲಿ ಕೊಡಿ.

ಕಾವ್ಯಳ ತಾಯಿ, ಅಷ್ಟೇ,
ಗುರಮ್ಮ


ಗದ್ವಾಲ್
೨೪ ಮೇ ೨೦೨೫

ಮಕ್ತಲದ ಗುರಮ್ಮನವರಿಗೆ,

ನಿಮ್ಮ ಕಾಗದವನ್ನು ಭೀಮಯ್ಯ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಕೊಟ್ಟ. ಮದುವೆಯ ಸೀರೆಗೆ ಬಂದವರು ಕೂತಿದ್ದರು. ಓದುತ್ತ ನನ್ನ ಮುಖ ಹೇಗಾಯಿತೋ, ಒಬ್ಬಾಕೆ ಎದ್ದು ನೀರು ಕೊಟ್ಟಳು.

ನಾನು ಓದಿದ್ದು ತೆಲುಗು ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ರಾಜೋಳಿಯಲ್ಲಿ ನಮ್ಮಜ್ಜಿ, ಒಲೆಯ ಬೂದಿ ಹರವಿ, ಅದರಲ್ಲಿ ನನ್ನ ಬೆರಳು ಹಿಡಿದು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಬೇರೆಯವರ ತಪ್ಪು ಹುಡುಕುವುದು ನಿಮಗೆ ಕಷ್ಟದ ಕೆಲಸವಲ್ಲ.

ಹೋದ ವರ್ಷದ ಪಂಚಮಿಗೆ ಕಾರಣ ನಾನು ಎಂದು ಬರೆದಿದ್ದೀರಿ. ಹೋದ ಆಷಾಢದ ಮೊದಲಲ್ಲಿ ನಿಮಗೆ ಫೋನ್ ಮಾಡಿದವಳು ನಾನು. ಹುಡುಗಿಯನ್ನು ಕಳಿಸುತ್ತೇನೆ, ಪಂಚಮಿ ಮುಗಿಸಿಕೊಂಡೇ ಬರಲಿ ಎಂದವಳು ನಾನು. ನೀವು ನಡುವೆಯೇ ಫೋನ್ ಕಡಿದಿರಿ, ಆಮೇಲೆ ಎತ್ತಲೇ ಇಲ್ಲ. ಕಾವ್ಯ ಚೀಲ ಕಟ್ಟಿಕೊಂಡು ಅಂಗಡಿ ಮೆಟ್ಟಿಲ ಮೇಲೆ ಕೂತಳು. ಮಕ್ತಲದ ಬೋರ್ಡು ಕಂಡ ಬಸ್ಸಿಗೆಲ್ಲ ಎದ್ದು ನಿಲ್ಲುವಳು. ಅಣ್ಣತಮ್ಮಂದಿರು ಬಂದು ಕರೆಯದೆ ಹೊಸ ಸೊಸೆಯನ್ನು ತವರಿಗೆ ಅಟ್ಟುವುದು ನಮ್ಮಲ್ಲಿ ಇಲ್ಲ, ನಿಮ್ಮಲ್ಲೂ ಇಲ್ಲ. ವಿನಯ ಬರಲಿಲ್ಲ. ಇವತ್ತು ನಾಳೆ ಎನ್ನುತ್ತ ದಿನ ಹೋದವು, ಕೊನೆಗೆ ಸಾವಿನ ಸುದ್ದಿಯೇ ಬಂತು. ಅವಳು ಅಪ್ಪನ ಮುಖ ನೋಡಿದ್ದು ಅವರು ಕಣ್ಣು ಮುಚ್ಚಿದ ಮೇಲೆ. ಆ ಪಾಪ ನಿಮ್ಮದು, ನನ್ನ ಮೇಲೆ ಹಾಕಬೇಡಿ.

ಇನ್ನು ನನ್ನ ಮಾತು. ನಾನು ಹೂವು, ಕಾಯಿ ಹಿಡಿದು ಮಣ್ಣಿಗೆ ಬಂದೆ. ನೀವು ಬಾಗಿಲಿಗೆ ಅಡ್ಡ ನಿಂತಿರಿ. ಓಣಿಯವರೆಲ್ಲ ಕೇಳುವ ಹಾಗೆ ಕೇಳಿದಿರಿ, "ಹಗ್ಗ ತಂದೀರೇನ್ರಿ, ಬೀಗತ್ಯಾರ?" ಎಂದು. ಆ ಮಾತಿನ ಅರ್ಥ ನನಗೆ ಇವತ್ತಿಗೂ ಆಗಿಲ್ಲ. ದುಃಖದಲ್ಲಿ ಬುದ್ಧಿ ಕಲಕಿರಬೇಕು ಎಂದುಕೊಂಡು ಎದುರು ಮನೆಯ ಎಲ್ಲಮ್ಮನ ಕಟ್ಟೆಯ ಮೇಲೆ ಕೂತೆ. ನಿಮ್ಮ ಮನೆಯಿಂದ ಒಂದು ಲೋಟ ನೀರು ಬರಲಿಲ್ಲ. ಬೀಗರ ಮನೆಯ ಹೆಣವನ್ನು ಹೊರಗೆ ನಿಂತು ನೋಡಿದ ಹೆಂಗಸು ಇಡೀ ಗದ್ವಾಲದಲ್ಲಿ ನಾನೊಬ್ಬಳೇ ಇರಬೇಕು.

ಆದ್ದರಿಂದ ಕೇಳಿಸಿಕೊಳ್ಳಿ. ವರ್ಷದ ಪೂಜೆಗೆ ಕಾವ್ಯ ಬರುತ್ತಾಳೆ, ಅದು ಅವಳ ಅಪ್ಪನ ಋಣ. ಉಂಡು ಸಂಜೆ ಹೊರಡುತ್ತಾಳೆ. ಹಬ್ಬಕ್ಕೆ ಮಾತ್ರ, ನನ್ನನ್ನು ತಡೆದ ಹೊಸ್ತಿಲನ್ನು ನನ್ನ ಸೊಸೆ ದಾಟುವುದಿಲ್ಲ. ದಾಟಬೇಕೆಂದರೆ ನೀವೇ ಬಾಗಿಲಿಗೆ ಬಂದು, ಅದೇ ಓಣಿಯವರ ಎದುರಿಗೆ ನನ್ನನ್ನು ಒಳಗೆ ಕರೆಯಬೇಕು. ನಿಮ್ಮ ಹಿತ್ತಲ ಚೆಟ್ಟು ಎಲ್ಲಿಗೂ ಓಡಿಹೋಗುವುದಿಲ್ಲ, ಕಾಯಲಿ.

ಇಂತು,
ಶಿವಗಂಗಾ


ಮಕ್ತಲ್
೯ ಜೂನ್ ೨೦೨೫

ಶಿವಗಂಗಮ್ಮನವರಿಗೆ,

ಅರ್ಥವಾಗಿಲ್ಲ ಎನ್ನುತ್ತೀರಿ. ಆಡಿದವರಿಗೆ ಮರೆಯುವುದು ಸುಲಭ. ಮಗಳ ಸಂಸಾರ ಕೆಡಬಾರದು ಎಂದು ಈ ಮಾತನ್ನು ನಾನು ಕಾವ್ಯಳಿಗೂ ಹೇಳಿಲ್ಲ, ವಿನಯನಿಗೂ ಹೇಳಿಲ್ಲ. ವರ್ಷ ಪೂರ್ತಿ ನುಂಗಿಕೊಂಡಿದ್ದೇನೆ. ನೀವು ಕೇಳಿದ್ದರಿಂದ ಬರೆಯುತ್ತೇನೆ.

ನಮ್ಮ ಯಜಮಾನರು ಪಡಸಾಲೆಯ ಮಂಚದ ಮೇಲಿದ್ದರು. ಜೀವಮಾನವೆಲ್ಲ ಹತ್ತಿ ವ್ಯಾಪಾರ ಮಾಡಿ, ಅದರ ಧೂಳು ಕುಡಿದು, ದಮ್ಮು ಹತ್ತಿ ಎರಡು ಮಾತಾಡಿದರೆ ಮೂರನೆಯದಕ್ಕೆ ಉಸಿರು ಸಾಲುತ್ತಿರಲಿಲ್ಲ. ಕೈ ನಡುಗುತ್ತಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಅವರ ಎದೆಯ ಮೇಲೆ ಇಟ್ಟಿದ್ದೆ. ನಾನು ಕಾಲ ಹತ್ತಿರ ಕೂತಿದ್ದೆ. ನೀವು ಅವರ ಆರೋಗ್ಯ ಕೇಳಿದಿರಿ, ಮಗಳನ್ನು ಕಳಿಸುತ್ತೇನೆ ಎಂದಿರಿ. ಅಲ್ಲಿಯವರೆಗೆ ಸರಿ. ಆಮೇಲೆ ನಿಮ್ಮ ಬಾಯಿಂದ ಬಂದದ್ದು ಇದು. "ಚಟ್ಟಕ ಹಗ್ಗ ಕಟ್ಟಿ ಇಡ್ರಿ, ಬೀಗರ, ದಿನ ಹತ್ರ ಬಂದ್ವು."

ಸಾಯುವ ಮನುಷ್ಯನ ಎದೆಯ ಮೇಲಿಂದ ಬಂತು ಆ ಮಾತು. ಚಟ್ಟ ಕಟ್ಟಲಿ ಎಂದು ಜಗಳದಲ್ಲಿ ಬೈಯುವವರನ್ನು ನೋಡಿದ್ದೇನೆ. ನಗುನಗುತ್ತ, ರಾಗವಾಗಿ, ಬೀಗರ ಎಂದು ಮರ್ಯಾದೆ ಕೊಟ್ಟು ಹೇಳುವವರನ್ನು ನೋಡಿರಲಿಲ್ಲ. ಅವರೂ ಕೇಳಿಸಿಕೊಂಡರು. ಕೇಳಿ ನಕ್ಕರು, ಆಯ್ತು ಎಂದರು. ತನ್ನ ಸಾವಿನ ಮಾತಿಗೆ ಆ ಮನುಷ್ಯ ನಕ್ಕದ್ದು ನನ್ನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿದೆ. ನಾನು ಫೋನ್ ಕಡಿದೆ. ಅಂಥ ಬಾಯಿಯ ಮನೆಗೆ ನನ್ನ ಮಗನನ್ನು ಹೇಗೆ ಕಳಿಸಲಿ? ಮೊದಲು ಸಿಟ್ಟು ಇಳಿಯಲಿ, ಆಮೇಲೆ ಕರೆತಂದರಾಯಿತು, ಇವರಿಗೆ ಇನ್ನೂ ಹೊತ್ತಿದೆ ಎಂದುಕೊಂಡೆ. ಹೊತ್ತು ಇರಲಿಲ್ಲ.

ಅದಕ್ಕೇ ಬಾಗಿಲಲ್ಲಿ ಹಗ್ಗ ತಂದೀರೇನು ಎಂದು ಕೇಳಿದೆ. ಕಟ್ಟಿ ಇಡಿ ಎಂದವರು ಹಗ್ಗ ತರಬೇಕಲ್ಲ.

ನಿಮ್ಮ ಗದ್ವಾಲದ ಸೀರೆಯ ಹಾಗೆ ನೀವು. ಒಡಲು ಒಂದು ನೂಲು, ಸೆರಗು ಇನ್ನೊಂದು, ಜೋಡಿಸಿದ್ದು ಎಲ್ಲಿ ಎಂದು ಯಾರಿಗೂ ಕಾಣಬಾರದು. ನಾನು ನಾರಾಯಣಪೇಟೆಯವಳು. ನಮ್ಮಲ್ಲಿ ಅಂಚಿನಿಂದ ಅಂಚಿಗೆ ಒಂದೇ ನೂಲು. ನಿಮ್ಮನ್ನು ಬಾಗಿಲಿಗೆ ಬಂದು ಕರೆಯುವುದು ನನ್ನಿಂದ ಆಗುವುದಿಲ್ಲ. ಮಗಳನ್ನು ಕಳಿಸಿ.

ಗುರಮ್ಮ


ಗದ್ವಾಲ್
೨೧ ಜೂನ್ ೨೦೨೫

ಗುರಮ್ಮನವರೇ,

ನಿಮ್ಮ ಕಾಗದ ಓದಿ ಅಂಗಡಿ ಬಾಗಿಲು ಹಾಕಿಸಿದೆ. ಶಿವಕಾಂತ ಏನಾಯಿತಮ್ಮ ಎಂದು ಕೇಳಿದ. ತಲೆನೋವು ಎಂದು ಹೇಳಿ ಒಳಗೆ ಹೋದೆ.

ಚಟ್ಟ ಅಲ್ಲ. ಚೆಟ್ಟು. ಚೆಟ್ಟುಕ ಹಗ್ಗ ಕಟ್ಟಿ ಇಡ್ರಿ. ಗಿಡಕ್ಕೆ. ನಿಮ್ಮ ಹಿತ್ತಲ ಬೇವಿನ ಗಿಡಕ್ಕೆ. ಹೊಸ ಮದುಮಗಳ ಮೊದಲ ಪಂಚಮಿ, ಜೋಕಾಲಿ ಕಟ್ಟಿ ಇಡಿ, ಹಬ್ಬದ ದಿನ ಹತ್ತಿರ ಬಂದವು ಎಂದು ಹೇಳಿದೆ. ರಾಜೋಳಿಯಲ್ಲಿ ಹುಟ್ಟಿ ಗದ್ವಾಲದಲ್ಲಿ ಬಾಳಿದವಳು ನಾನು. ನಮ್ಮ ಬಾಯಲ್ಲಿ ಗಿಡವೂ ಬರುತ್ತದೆ, ತೆಲುಗಿನ ಚೆಟ್ಟೂ ಬರುತ್ತದೆ, ಯಾವುದು ಮುಂದೆ ಬಂತೋ ಅದು. ನನ್ನ ಹೋದ ಕಾಗದದಲ್ಲೂ ನಿಮ್ಮ ಹಿತ್ತಲ ಚೆಟ್ಟು ಎಂದೇ ಬರೆದಿದ್ದೇನೆ. ತೆಗೆದು ನೋಡಿ.

ಇದನ್ನು ಓದಿ ನಿಮಗೆ ಹಗುರವಾದರೆ ಆಗಲಿ. ನನಗೆ ಆಗಿಲ್ಲ. ಮೊದಲು ನಿಮ್ಮ ಮೇಲೆ ಇದ್ದದ್ದು ಸಿಟ್ಟು. ಈಗ ಅದಕ್ಕಿಂತ ಕೆಟ್ಟದ್ದು. ಒಂದು ವರ್ಷ ನೀವು ನನ್ನನ್ನು ಅಂಥವಳು ಎಂದು ನಂಬಿದಿರಿ. ಮಗಳನ್ನು ಕೊಟ್ಟ ಮನೆಯ ಹೆಂಗಸು ಸಾಯುವವರ ಕಿವಿಯಲ್ಲಿ ಚಟ್ಟದ ಮಾತಾಡುತ್ತಾಳೆ ಎಂದು ನಿಮಗೆ ಅನ್ನಿಸಿತಲ್ಲ, ಒಂದು ಗಳಿಗೆ ಅನುಮಾನವೂ ಬರಲಿಲ್ಲವಲ್ಲ. ನಮ್ಮವರಲ್ಲಿ ಚಟ್ಟ ಕಟ್ಟುವವರು ಯಾರು, ಗುರಮ್ಮನವರೇ? ನಿಮ್ಮ ಯಜಮಾನರನ್ನು ಹೇಗೆ ಒಯ್ದರು? ವಿಭೂತಿ ಹಚ್ಚಿ, ಹೂವಿನ ವಿಮಾನ ಕಟ್ಟಿ ಅದರಲ್ಲಿ ಕೂರಿಸಿ ಒಯ್ದರು. ನಮ್ಮ ಮಾವನವರನ್ನೂ ಹಾಗೆಯೇ ಒಯ್ದದ್ದು. ಕೂತು ಹೋಗುವವರಿಗೆ ಚಟ್ಟವೆಲ್ಲಿ, ಅದಕ್ಕೆ ಹಗ್ಗವೆಲ್ಲಿ? ವಿಮಾನ ಹೊರಡುವಾಗ ಎದುರಿಗೇ ನಿಂತಿದ್ದವರು ನೀವು. ಆಗಲಾದರೂ ಹೊಳೆಯಬಾರದಿತ್ತೆ?

ಅವರು ನಕ್ಕದ್ದನ್ನು ನಾನೂ ಕೇಳಿದ್ದೇನೆ. ಅವರಿಗೆ ತೆಲುಗು ಬರುತ್ತಿತ್ತು, ಗದ್ವಾಲದ ಹತ್ತಿಯವರ ಜೊತೆ ಮೂವತ್ತು ವರ್ಷ ವ್ಯವಹಾರ ಮಾಡಿದವರು. ನೀವು ಫೋನ್ ಕಡಿಯುವ ಮೊದಲು ಅವರು ಹೇಳಿದ್ದು ಬರೀ ಆಯ್ತು ಎಂದಲ್ಲ. "ಆಯ್ತ್ರಿ ಬೀಗತ್ಯಾರ, ಹೊಸಾ ಹಗ್ಗ ತರಸ್ತೀನಿ" ಎಂದರು. ಏದುಸಿರಿನಲ್ಲೇ ಎಂದರು. ಖುಷಿಯಾಗಿದ್ದರು. ಪಕ್ಕದಲ್ಲಿ ಕೂತ ನಿಮಗೆ ಅದು ಕೇಳಲಿಲ್ಲ, ಹೊಳೆಯ ಈಚೆಗೆ ಇದ್ದ ನನಗೆ ಕೇಳಿತು.

ಸೀರೆಯ ಮಾತು ಎತ್ತಿದ್ದೀರಿ. ನಾನು ಆ ಸೀರೆ ಮಾರಿಯೇ ಮಗನನ್ನು ಬೆಳೆಸಿದವಳು. ಎರಡು ನೂಲು ಕೂಡುವ ಕಡೆ ಅದು ಹರಿದದ್ದನ್ನು ನಾನು ಕಂಡಿಲ್ಲ.

ಕಾವ್ಯಳಿಗೆ ನಾನು ಏನೂ ಹೇಳಿಲ್ಲ. ಹೇಳುವುದಿದ್ದರೆ ನೀವೇ ಹೇಳಿ. ಹೊಸ್ತಿಲ ಮಾತು ಹಾಗೆಯೇ ಇದೆ.

ಶಿವಗಂಗಾ


ಮಕ್ತಲ್
೧೬ ಜುಲೈ ೨೦೨೫

ಶಿವಗಂಗಮ್ಮನವರಿಗೆ,

ಭೀಮಯ್ಯ ಮೂರು ಸಲ ಬಂದು ಕಾಗದವಿದೆಯೇ ಎಂದು ಕೇಳಿದ. ಇಲ್ಲ ಎಂದು ಕಳಿಸಿದೆ.

ನಿಮ್ಮ ಮಾತನ್ನು ನಾನು ನಂಬಲಿಲ್ಲ. ಬಾಯಿಗೆ ಬಂದದ್ದು ಆಡಿ, ಆಮೇಲೆ ತೆಲುಗಿನ ಹಿಂದೆ ಅಡಗುತ್ತೀರಿ ಎಂದುಕೊಂಡೆ. ಹೋದ ವಾರ ವರ್ಷದ ಪೂಜೆ ಮುಗಿಯಿತು. ಕಾವ್ಯ ಬಂದಳು, ಬಡಿಸಿದಳು, ಉಂಡಳು, ನೀವು ಹೇಳಿಕಳಿಸಿದ ಹಾಗೆ ಸಂಜೆಗೆ ಚಪ್ಪಲಿ ಮೆಟ್ಟಿದಳು. ಹೋಗುವಾಗ ಹಿತ್ತಲಿಗೆ ಹೋಗಿ ಗಿಡದ ಕೆಳಗೆ ಸ್ವಲ್ಪ ಹೊತ್ತು ನಿಂತಳು. ನಾನು ಕರೆಯಲಿಲ್ಲ. ಅವಳ ಬಸ್ಸು ಹೋದ ಮೇಲೆ ವಿನಯನನ್ನು ಕೂರಿಸಿಕೊಂಡು ಒಂದೇ ಮಾತು ಕೇಳಿದೆ, ಅಪ್ಪ ನಿನ್ನ ಕೈಯಲ್ಲಿ ಹಗ್ಗ ತರಿಸಿದ್ದು ಯಾಕೆ ಎಂದು.

ಈ ಹಗ್ಗದ ವಿಷಯ ನಿಮಗೆ ಗೊತ್ತಿಲ್ಲ. ನಿಮ್ಮ ಫೋನ್ ಬಂದ ಮರುದಿನ ವಿನಯ ಪೇಟೆಯಿಂದ ದಪ್ಪನೆಯ ನೂಲಿನ ಹಗ್ಗ ತಂದು ಮಂಚದ ಹತ್ತಿರ ಇಟ್ಟ. ಅವರು ಅದರ ಮೇಲೆ ಕೈಯಾಡಿಸುತ್ತಿದ್ದರು. ನಾನು ಒಳಗಿನಿಂದ ಬಂದು ನೋಡಿದೆ. ನನಗೆ ಏನು ಅನ್ನಿಸಿತು ಎಂದು ಬರೆಯಬೇಕಿಲ್ಲ. ಕಸಿದುಕೊಂಡು ಹಿತ್ತಲ ದನದ ಕೊಟ್ಟಿಗೆಯ ಮಾಡಿನ ಮೇಲೆ ಎಸೆದೆ. ನೀವು ಇರೋತನಕ ಇದು ಒಳಗ ಬರಂಗಿಲ್ಲ ಎಂದೆ. ಅವರು "ಹಗ್ಗ" ಎಂದರು. ನಾನು ಅವರ ಬಾಯಿಗೆ ಕೈ ಅಡ್ಡ ಹಿಡಿದೆ. ಮತ್ತೆ ಮತ್ತೆ "ಹಗ್ಗ ಕಟ್ಟ್ರಿ" ಎನ್ನುವರು, ನಾನು ಎದ್ದು ಹೋಗುವೆ. ಆಮೇಲೆ ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನನ್ನ ಜೊತೆ ಮಾತು ಬಿಟ್ಟರು. ನೀರು ಬೇಕಾದರೆ ವಿನಯನನ್ನು ಕರೆಯುವರು. ಹಾಗೆಯೇ ಹೋದರು. ನಲವತ್ತು ವರ್ಷ ಬಾಳಿದ ಮನುಷ್ಯ ಕೊನೆಯಲ್ಲಿ ನನ್ನ ಮುಖ ನೋಡದೆ ಹೋದ. ಸಾವಿನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡರು ಎಂದೇ ನಾನು ತಿಳಿದಿದ್ದೆ.

ವಿನಯ ನನ್ನನ್ನು ವಿಚಿತ್ರವಾಗಿ ನೋಡಿ ಹೇಳಿದ. "ಅಕ್ಕನ ಜೋಕಾಲಿಗಿ, ಮತ್ಯಾಕ? ಮನ್ಯಾಗ ಜಡ್ಡಿನ ಮನಷ್ಯಾ ಇದ್ದಾಗ ಜೋಕಾಲಿ ಬ್ಯಾಡ ಅಂತ ನೀನ ಬಿಸಾಕಿದಿ ಅಂದ್ಕೊಂಡ್ವಿ. ಅಪ್ಪ ಅದಕ್ಕ ನಿನ್ನ ಮ್ಯಾಲ ಸಿಟ್ಟಾಗಿದ್ದ."

ಅಂದರೆ ಮಗಳು ಬರುವುದು ನನಗೆ ಬೇಡ ಎಂದು ಅವರು ತಿಳಿದು ಹೋದರು. ಇದಕ್ಕಿಂತ ನೀವು ನಿಜವಾಗಿಯೂ ಚಟ್ಟ ಎಂದಿದ್ದರೆ ನನಗೆ ಚೆನ್ನಾಗಿತ್ತು.

ನಾನು ನಿಮ್ಮ ಕ್ಷಮೆ ಕೇಳುತ್ತೇನೆ ಎಂದು ಕಾಯಬೇಡಿ. ಕನ್ನಡದವರ ಮನೆಗೆ ಫೋನ್ ಮಾಡಿ ಗಿಡ ಎನ್ನಲು ನಿಮ್ಮ ನಾಲಿಗೆಗೆ ಏನಾಗಿತ್ತು? ಒಂದು ಸಲ ಗಿಡ ಎಂದಿದ್ದರೆ ಆ ಮನುಷ್ಯ ಮಗಳು ಜೀಕುವುದನ್ನು ಕಿಟಕಿಯಿಂದ ನೋಡಿ ಹೋಗುತ್ತಿದ್ದ. ನಾನು ನಿಮ್ಮನ್ನು ಕ್ಷಮಿಸುವುದಿಲ್ಲ. ನನ್ನನ್ನು ಕ್ಷಮಿಸಬೇಕಾದವರು ಇಲ್ಲ.

ವಿನಯ ಮಾಡು ಹತ್ತಿ ಹಗ್ಗ ಇಳಿಸಿದ್ದಾನೆ. ಒಂದು ವರ್ಷ ಮಳೆ ಬಿಸಿಲು ತಿಂದಿದೆ. ಆದರೂ ಈ ಪಂಚಮಿಗೆ ಅದನ್ನೇ ಕಟ್ಟುತ್ತೇವೆ. ಮಗಳನ್ನು ಕಳಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಬರದಿದ್ದರೆ ಅದು ಖಾಲಿಯೇ ತೂಗಲಿ.

ಗುರಮ್ಮ


ಗದ್ವಾಲ್
೨೨ ಜುಲೈ ೨೦೨೫

ಗುರಮ್ಮನವರೇ,

ನಿಮ್ಮ ಯಜಮಾನರ ವಿಷಯಕ್ಕೆ ನಾನು ಏನೂ ಬರೆಯುವುದಿಲ್ಲ. ಬರೆದರೆ ನೀವು ಅದರಲ್ಲೂ ಒಂದು ಮಾತು ಹಿಡಿಯುತ್ತೀರಿ. ಅದು ನಿಮಗೆ ಹೊರಲಾರದ್ದು, ನನಗೆ ಗೊತ್ತು. ಆದರೆ ಅರ್ಧವನ್ನು ನನ್ನ ತಲೆಯ ಮೇಲೆ ಇಟ್ಟಿರಲ್ಲ, ಅದನ್ನು ನಾನು ಹೊರುವುದಿಲ್ಲ.

ಹಗ್ಗದ ವಿಷಯ ಬರೆಯುತ್ತೇನೆ. ವರ್ಷವಿಡೀ ಮಾಡಿನ ಮೇಲೆ ಬಿದ್ದ ನೂಲಿನ ಹಗ್ಗಕ್ಕೆ ನನ್ನ ಸೊಸೆಯನ್ನು ಕೂರಿಸಲು ನಿಮಗೆ ಬುದ್ಧಿಯಿದೆಯೇ? ಮೊದಲು ಪೂರ್ತಿ ಬಿಚ್ಚಿ, ಮೊಳ ಮೊಳಕ್ಕೂ ಹೊಸೆತ ಬಿಡಿಸಿ ಒಳಗೆ ನೋಡಿ. ಒಳಗಿನ ಎಳೆ ಕಪ್ಪಾಗಿದ್ದರೆ ಆ ಭಾಗ ಕತ್ತರಿಸಿ ಬಿಸಾಡಿ. ಕೊಂಬೆಗೆ ಗೋಣಿತಟ್ಟು ಸುತ್ತಿ ಅದರ ಮೇಲೆ ಹಗ್ಗ ಹಾಕಿ, ಇಲ್ಲದಿದ್ದರೆ ತೊಗಟೆ ಉಜ್ಜಿ ಹಗ್ಗ ಸವೆಯುತ್ತದೆ. ಬಾವಿಯ ಕಡೆ ಚಾಚಿದ ಕೊಂಬೆ ಬೇಡ, ಅದು ಒಳಗೆ ಪೊಳ್ಳು. ಮದುವೆಯ ಮಾತಿಗೆ ಬಂದಾಗಲೇ ಕಂಡಿದ್ದೇನೆ. ಯಾರನ್ನಾದರೂ ಕೂರಿಸುವ ಮೊದಲು ಕಾಳಿನ ಚೀಲ ಇಟ್ಟು ತೂಗಿ ನೋಡಿ.

ಕಾವ್ಯ ನಿನ್ನೆ ನನ್ನ ಹತ್ತಿರ ಬಂದು ಕೂತಳು. ವಿನಯ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದಾನೆ. ಅವಳು ಅಳಲಿಲ್ಲ, ನಿಮ್ಮನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. "ನೀವಿಬ್ರೂ ಬೈದಾಡ್ಕೋತ ಇರ್ರಿ, ಅತ್ತಿ. ಅಪ್ಪ ತರಿಸಿದ್ದ ಹಗ್ಗ ಅದು, ನಾ ಕೂಡಾಕ ಹೋಗ್ತೀನಿ" ಎಂದಳು. ಕೇಳುತ್ತಿರಲಿಲ್ಲ, ತಿಳಿಸುತ್ತಿದ್ದಳು. ಈ ಗುಣ ಅವಳಿಗೆ ಎಲ್ಲಿಂದ ಬಂತು ಎಂದು ಹೇಳಬೇಕಿಲ್ಲ.

ವಿನಯ ಕರೆಯಲು ಬರುವುದು ಬೇಡ. ಹೋದ ವರ್ಷ ಬರಲಿಲ್ಲವಲ್ಲ, ಈಗಲೂ ಬೇಡ. ಹಬ್ಬದ ಬೆಳಿಗ್ಗೆ ನಾನೇ ಕರೆತಂದು ಬಿಡುತ್ತೇನೆ. ಒಳಗೆ ಬರುವುದಿಲ್ಲ. ಅವಳು ಒಳಗೆ ಹೋಗುವುದನ್ನು ಓಣಿಯಲ್ಲಿ ನಿಂತು ನೋಡಿ, ಅಲ್ಲಿಂದಲೇ ಬಸ್ಸಿಗೆ ತಿರುಗುತ್ತೇನೆ. ನೀವು ಕರೆಯುವುದು ಬೇಡ, ಕರೆಯದೆ ಇರುವುದನ್ನು ಓಣಿಯವರು ಇನ್ನೊಮ್ಮೆ ನೋಡಲಿ.

ಶಿವಗಂಗಾ


ಮಕ್ತಲ್
೨೬ ಜುಲೈ ೨೦೨೫

ಹಗ್ಗ ಬಿಚ್ಚಿ ನೋಡಿದೆವು. ಎರಡು ಮೊಳ ಕಪ್ಪಾಗಿತ್ತು, ಕತ್ತರಿಸಿದೆವು. ಉಳಿದದ್ದು ಗಟ್ಟಿ. ಅವರು ತರಿಸಿದ್ದು ಯಾವಾಗಲೂ ಒಳ್ಳೆಯ ಮಾಲೇ. ಮನೆಯ ಕಡೆಯ ಕೊಂಬೆಗೆ ಕಟ್ಟಿದ್ದೇವೆ, ಗೋಣಿತಟ್ಟು ಸುತ್ತಿದ್ದೇವೆ. ಕೂರುವುದಕ್ಕೆ ಅವರ ಅಂಗಡಿಯ ಹಳೆಯ ಮಣೆಗೆ ಹಗ್ಗ ಕೂರುವ ಕಚ್ಚು ಮಾಡಿಸಿದ್ದೇವೆ. ಜೋಳದ ಚೀಲ ಇಟ್ಟು ತೂಗಿಯೂ ಆಯಿತು, ಸುಮಾರಾಗಿ ನಿಮ್ಮಷ್ಟೇ ತೂಕದ್ದು.

ಓಣಿಯಲ್ಲಿ ನಿಲ್ಲುವುದಿದ್ದರೆ ನಿಲ್ಲಿ. ಬಿಸಿಲು ನಮ್ಮದಲ್ಲ.

ಗುರಮ್ಮ


ಗದ್ವಾಲ್
೩ ಆಗಸ್ಟ್ ೨೦೨೫

ಗುರಮ್ಮನವರೇ,

ಕಾವ್ಯ ಇನ್ನೂ ಎರಡು ದಿನ ಇರುತ್ತಾಳೆ ಎಂದು ವಿನಯ ಫೋನ್ ಮಾಡಿದ್ದ. ಇರಲಿ. ಜೋಳದ ಅಳ್ಳು, ತಂಬಿಟ್ಟು, ಉಂಡೆ ಕಟ್ಟಿ ಕಳಿಸಿದ್ದು ತಲುಪಿತು. ಶೇಂಗಾ ಉಂಡೆಯಲ್ಲಿ ಬೆಲ್ಲ ಕಡಿಮೆ. ನಮ್ಮ ಮನೆಯವರು ತಿನ್ನಲಿ ಎಂದು ಕಳಿಸಿದಿರೋ, ತಿನ್ನದಿರಲಿ ಎಂದೋ ತಿಳಿಯಲಿಲ್ಲ.

ಈಗ ಆ ದಿನದ ವಿಷಯ. ನಾಳೆ ನೀವು ಅದನ್ನು ಬೇರೆ ಥರ ಹೇಳಬಾರದು ಎಂದು ಬರೆದು ಇಡುತ್ತಿದ್ದೇನೆ.

ನಾನು ಹೇಳಿದ ಹಾಗೆಯೇ ಮಾಡಿದೆ. ನಿಮ್ಮ ಮನೆಯ ಮುಂದೆ ನಿಂತೆ, ಕಾವ್ಯಳ ಕೈಗೆ ಚೀಲ ಕೊಟ್ಟೆ. ಓಣಿಯ ಹೆಂಗಸರು ಹಾಲೆರೆದು ತಿರುಗಿ ಬರುವ ಹೊತ್ತು, ಎಲ್ಲರೂ ನಿಂತು ನೋಡುತ್ತಿದ್ದರು. ಕಾವ್ಯ ಒಳಗೆ ಓಡಿದಳು. ಹಿತ್ತಲಿಗೆ ಹೋದಳು ಎಂದು ಅವಳ ಬಳೆಯ ಸದ್ದಿನಿಂದ ತಿಳಿಯಿತು. ನಾನು ತಿರುಗಿದೆ. ಆಗ ನೀವು ಬಾಗಿಲಿಗೆ ಬಂದಿರಿ. ಹೋದ ವರ್ಷ ನಿಂತಿದ್ದ ಜಾಗದಲ್ಲೇ ನಿಂತಿರಿ. ಬರ್ರಿ ಎನ್ನುತ್ತೀರಿ ಎಂದುಕೊಂಡೆ. ನೀವು ಬಾಯಿ ತೆರೆದಿರಿ, ಮುಚ್ಚಿದಿರಿ, ಕಂಬ ಹಿಡಿದುಕೊಂಡಿರಿ. ಆ ಮಾತು ನಿಮ್ಮಿಂದ ಬರುವುದಿಲ್ಲ ಎಂದು ನನಗೆ ತಿಳಿಯಿತು. ನಾನು ಎರಡು ಹೆಜ್ಜೆ ಹಾಕಿಯೂ ಇದ್ದೆ.

ಹಿಂದಿನಿಂದ ನಿಮ್ಮ ದನಿ ಬಂತು. "ಚೆಟ್ಟುಕ ಹಗ್ಗ ಕಟ್ಟೀವ್ರಿ, ಬೀಗತ್ಯಾರ."

ನೀವು ಗಿಡ ಎನ್ನಲಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ನಾರಾಯಣಪೇಟೆಯ ಗುರಮ್ಮನವರು, ಇಡೀ ಓಣಿ ಕೇಳುವ ಹಾಗೆ, ಚೆಟ್ಟು ಎಂದರು. ಆ ಮಾತು ನಿಮಗೆ ಎಷ್ಟು ಭಾರವಾಗಿತ್ತು ಎಂದು ನಿಮ್ಮ ಮುಖದಲ್ಲೇ ಕಾಣುತ್ತಿತ್ತು. ನಾನು ತಿರುಗಿ ನಿಂತೆ. ಅಷ್ಟರಲ್ಲಿ ಎದುರು ಮನೆಯ ಎಲ್ಲಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು, ಸೆರಗು ಬಾಯಿಗೆ ಒತ್ತಿಕೊಂಡು. "ಅಯ್ಯ ಶಿವನ, ಹಬ್ಬದ ದಿನ ಯಾರ ಹೋದ್ರವ್ವ? ಯಾರಿಗಿ ಚಟ್ಟ ಕಟ್ಟಾಕ ಹತ್ತೀರಿ?"

ನಾನು ನಕ್ಕೆ. ನಡು ಬೀದಿಯಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕೆ. ನೀವು ನಗಲಿಲ್ಲ. ನೀವು ಎಲ್ಲಮ್ಮನನ್ನೇ ನೋಡುತ್ತ ನಿಂತಿರಿ. ಆಮೇಲೆ ಅವಳಿಗೆ, ಚಟ್ಟ ಅಲ್ಲವ್ವ, ಚೆಟ್ಟು, ಗಿಡ, ಗಿಡ ಎಂದು ನೀವೊಂದು ಕಡೆಯಿಂದ ನಾನೊಂದು ಕಡೆಯಿಂದ ತಿಳಿಸಿ ಹೇಳುವುದರಲ್ಲಿ, ಅವಳನ್ನು ಕರೆದುಕೊಂಡು ಹೋಗಿ ಕಟ್ಟಿದ ಹಗ್ಗ ತೋರಿಸುವುದರಲ್ಲಿ, ನನ್ನ ಕಾಲು ನಿಮ್ಮ ಹೊಸ್ತಿಲು ದಾಟಿತ್ತು. ನೀವು ಕರೆದಿಲ್ಲ. ನಾನಾಗಿ ಬಂದವಳೂ ಅಲ್ಲ. ಇದು ಹೀಗೆಯೇ ನೆನಪಿರಲಿ.

ಎಲ್ಲಮ್ಮನ ಕಿವಿಗೂ ಅದು ಚಟ್ಟ ಎಂದೇ ಬಿತ್ತು. ಅಷ್ಟನ್ನು ನಿಮಗೆ ಬಿಟ್ಟುಕೊಡುತ್ತೇನೆ. ಅದಕ್ಕಿಂತ ಹೆಚ್ಚು ಬಿಟ್ಟುಕೊಡುವುದಿಲ್ಲ. ನನ್ನನ್ನು ಓಣಿಯಲ್ಲಿ ನಿಲ್ಲಿಸಿದ್ದು ನನಗೆ ಮರೆತಿಲ್ಲ, ಮರೆಯುವ ಆಸೆಯೂ ಇಲ್ಲ.

ಕಾವ್ಯ ಜೀಕುತ್ತಿದ್ದಳು. ವಿನಯ ಜೋರಾಗಿ ತಳ್ಳುತ್ತಿದ್ದ, ಅವಳ ಕಾಲು ಮೇಲಿನ ಎಲೆಗೆ ತಾಗುತ್ತಿತ್ತು. ಮೇಲೆ ಹೋದಾಗ ನಗುತ್ತಿದ್ದಳೋ ಅಳುತ್ತಿದ್ದಳೋ ಕೆಳಗಿದ್ದ ನಮಗಿಬ್ಬರಿಗೂ ತಿಳಿಯಲಿಲ್ಲ. ಪಡಸಾಲೆಯ ಕಿಟಕಿ ತೆರೆದಿತ್ತು, ಒಳಗೆ ಮಂಚ ಕಾಣುತ್ತಿತ್ತು. ಅದನ್ನು ಕಿಟಕಿಯ ಕಡೆ ಮುಖ ಮಾಡಿ ತಿರುಗಿಸಿ ಇಟ್ಟವರು ನೀವೇ ಇರಬೇಕು, ನಾನು ಕೇಳಲಿಲ್ಲ. ನೀವು ಒಮ್ಮೆ ಆ ಖಾಲಿ ಮಂಚದ ಕಡೆ ನೋಡಿ, "ಕಟ್ಟೀವ್ರಿ" ಎಂದಿರಿ. ಮೆಲ್ಲಗೆ ಎಂದಿರಿ. ಅದು ನನಗೆ ಹೇಳಿದ್ದಲ್ಲ ಎಂದು ಗೊತ್ತಿತ್ತು, ಅದಕ್ಕೇ ಆ ಕಡೆ ತಿರುಗಿ ನಿಂತೆ.

ಮುಂದಿನ ವರ್ಷ ಮಣೆಯನ್ನು ಒಂದು ಗೇಣು ಕೆಳಗೆ ಕಟ್ಟಿಸಿ, ಹತ್ತಿ ಕೂರಲು ನನಗೆ ಆಗಲಿಲ್ಲ. ಫೋನಿನಲ್ಲಿ ನನ್ನ ನಂಬರಿನ ಬ್ಲಾಕ್ ತೆಗೆಸಬೇಡಿ, ಹಾಗೆಯೇ ಇರಲಿ. ಹೇಳುವುದಿದ್ದರೆ ಬರೆಯಿರಿ. ಕಾಗದದ ಮೇಲಾದರೆ ಚ ಯಾವುದು, ಚೆ ಯಾವುದು ಎಂದು ಕಣ್ಣಿಗೆ ಕಾಣುತ್ತದೆ.

ಗದ್ವಾಲದ ನಿಮ್ಮ ಬೀಗತಿ,
ಶಿವಗಂಗಾ